ಜರ್ಮನಿಗೆ ಹೋದ ಮಕ್ಕಳು ಮನೆಯ ವಿಳಾಸ ಬರೆಸುವ ಬಗೆ

ನಮ್ಮ ಪಾಪಿರೆಡ್ಡಿಪಟ್ಟಿಯ ಕಡೆಯಿಂದಲೂ ಈಗ ಮಕ್ಕಳು ಓದಿಗೆ, ಉದ್ಯೋಗಕ್ಕೆ ಜರ್ಮನಿಗೆ ಹೋಗುತ್ತಿದ್ದಾರೆ. ವೀಸಾ, ವಿಮಾನದ ಟಿಕೇಟು, ಚಳಿಯ ಬಟ್ಟೆ, ಒಂದು ಡಬ್ಬಿ ಹುಣಸೆಹಣ್ಣು, ಇವುಗಳ ಬಗ್ಗೆ ಮನೆಮಂದಿಯೆಲ್ಲ ಕೂತು ಯೋಚಿಸುತ್ತೇವೆ. ಆದರೆ ಅಲ್ಲಿ ಇಳಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಯಾವುದೆಂದು ಕೇಳುವವರು ಕಡಿಮೆ. ನಮ್ಮ ಕಿರಿಯ ಮಗ ಅಲ್ಲಿ ನೆಲೆಸಿರುವುದರಿಂದ ನಾವು ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮಲ್ಲಿ ಮನೆ ಬದಲಾಯಿಸಿದರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ಅವಸರವಿಲ್ಲ. ರೇಷನ್ ಕಾರ್ಡಿನಲ್ಲಿ ಹತ್ತು ವರ್ಷ ಹಳೆಯ ಬೀದಿಯ ಹೆಸರೇ ಇದ್ದರೂ ಜೀವನ ನಡೆಯುತ್ತದೆ. ಜರ್ಮನಿಯಲ್ಲಿ ಹಾಗಲ್ಲ. 2015ರ ನವೆಂಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ಕಾನೂನಿನಂತೆ, ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ತಪ್ಪಿದರೆ 1,000 ಯೂರೋವರೆಗೆ ದಂಡ ಹಾಕಬಹುದು. ಇದು ಪರದೇಶಿಗಳಿಗೆ ಮಾತ್ರ ಮಾಡಿದ ಕಟ್ಟಳೆಯೆಂದು ಬೇಸರಪಡಬೇಕಾಗಿಲ್ಲ, ಆ ದೇಶದ ಪ್ರಜೆಗಳೂ ಮನೆ ಬದಲಾಯಿಸಿದಾಗಲೆಲ್ಲ ಹೀಗೆಯೇ ಬರೆಸುತ್ತಾರೆ. ದೊಡ್ಡ ನಗರಗಳಲ್ಲಿ ಕಚೇರಿಯ ಸಮಯ ಸಿಗುವುದೇ ಕಷ್ಟ. ಆದ್ದರಿಂದ ಮನೆ ಗೊತ್ತಾದ ದಿನವೇ ಸಮಯ ಕಾದಿರಿಸುವುದು ಜಾಣತನ.

ಪಾಸ್‌ಪೋರ್ಟು, ತುಂಬಿದ ಅರ್ಜಿ, ಇವೆರಡರ ಜೊತೆಗೆ ಮನೆಯ ಮಾಲೀಕರು ಸಹಿ ಮಾಡಿದ ಒಂದು ಪತ್ರ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ನಮ್ಮ ಬೊಮ್ಮಿಡಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ದಾಟಿಹೋಗುವಷ್ಟು ಉದ್ದದ ಪದ! ಇಂಥವರು ಇಂಥ ದಿನ ನಮ್ಮ ಮನೆಗೆ ಸೇರಿದ್ದಾರೆ ಎಂಬುದೇ ಅದರ ಸಾರ. ಬಾಡಿಗೆಯ ಕರಾರು ಪತ್ರವೊಂದೇ ಇದ್ದರೆ ಸಾಲದು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಮದುವೆಯ ಮತ್ತು ಜನನದ ಪ್ರಮಾಣಪತ್ರಗಳನ್ನೂ ಒಯ್ಯಬೇಕು.

ನಮ್ಮ ಬಂಧುಗಳೊಬ್ಬರ ಮಗನಿಗೆ ಮೊದಲು ಸಿಕ್ಕಿದ ಕೋಣೆಯಾತ ಬಾಡಿಗೆ ಮುಂಗಡ ತೆಗೆದುಕೊಂಡು, ಈ ಪತ್ರ ಮಾತ್ರ ಕೊಡುವುದಿಲ್ಲ ಎಂದನಂತೆ. ಪತ್ರವಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ 11 ಅಂಕಿಗಳ ತೆರಿಗೆ ಸಂಖ್ಯೆ ಬರುವುದಿಲ್ಲ. ಆ ಸಂಖ್ಯೆಯೇ ಇಲ್ಲದಿದ್ದರೆ ಕೊನೆಗೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಮುರಿಯುತ್ತಾರೆ. ಬ್ಯಾಂಕು, ವಾಸದ ಪರವಾನಗಿ, ಎಲ್ಲಕ್ಕೂ ಇದೇ ಮೂಲ. ಕೈಯಲ್ಲಿ ಕೆಲಸವಿದ್ದೂ ಆ ಹುಡುಗ ಎರಡು ತಿಂಗಳು ಮನೆಯಿಂದ ಹಣ ತರಿಸಿಕೊಂಡು ಬದುಕಿದ. ಆದ್ದರಿಂದ ಮುಂಗಡ ಕೊಡುವ ಮೊದಲೇ ಈ ಪತ್ರ ಕೊಡುತ್ತೀರಾ ಎಂದು ಕೇಳಬೇಕು.

ಇಂಥ ಕಷ್ಟ ನೋಡಿ ಬರೀ ವಿಳಾಸವನ್ನೇ ಮಾರುವವರೂ ಹುಟ್ಟಿಕೊಂಡಿದ್ದಾರೆ. ವಾಸ ಒಂದು ಕಡೆ, ಕಾಗದ ಇನ್ನೊಂದು ಕಡೆ. ಸತ್ಯಾಣುವ್ರತದ ಮಾತು ಬದಿಗಿಟ್ಟು ವ್ಯಾಪಾರಿಯ ಲೆಕ್ಕದಲ್ಲೇ ನೋಡಿದರೂ ಇದು ನಷ್ಟದ ಬಾಬ್ತು. ವಾಸವಿಲ್ಲದವರಿಗೆ ವಿಳಾಸ ಕೊಡುವವರಿಗೆ ಕಾನೂನು 50,000 ಯೂರೋವರೆಗೆ ದಂಡ ಇಟ್ಟಿದೆ.

ಅರ್ಜಿಯಲ್ಲಿ ಧರ್ಮದ ಕಲಮೊಂದಿದೆ. ಇದನ್ನು ಕಂಡು ನಮ್ಮವರು ಗಲಿಬಿಲಿಗೊಳ್ಳುವುದುಂಟು. ಜೈನರೆಂದು ಬರೆಯದಿದ್ದರೆ ಧರ್ಮ ಬಿಟ್ಟಂತಾಗುವುದೇ ಎಂದು ಒಬ್ಬ ತಾಯಿ ನಮ್ಮನ್ನೇ ಕೇಳಿದರು. ಇಲ್ಲ. ಅಲ್ಲಿ ಸರ್ಕಾರವೇ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಚರ್ಚುಗಳ ಮತ್ತು ಇನ್ನು ಕೆಲವು ಸಂಸ್ಥೆಗಳ ಪರವಾಗಿ ಸದಸ್ಯರಿಂದ ತೆರಿಗೆ ವಸೂಲು ಮಾಡುತ್ತದೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಅದು ಆದಾಯ ತೆರಿಗೆಯ ಶೇಕಡಾ 8, ಉಳಿದೆಡೆ ಶೇಕಡಾ 9. ಅಂಥ ಸಂಸ್ಥೆಯ ಸದಸ್ಯರೇ ಎಂಬುದಷ್ಟೇ ಆ ಕಲಮಿನ ಪ್ರಶ್ನೆ. ನಮ್ಮವರು ಇಲ್ಲವೆಂದರೆ ನಿಜವನ್ನೇ ಹೇಳಿದಂತಾಯಿತು. ಪ್ರಾಟೆಸ್ಟೆಂಟ್ ಎಂದು ತಪ್ಪಾಗಿ ಗುರುತು ಹಾಕಿದರೆ ಮಾತ್ರ ತಿಂಗಳು ತಿಂಗಳು ಹಣ ಹೋಗುತ್ತದೆ.

ಹೆಸರಿನದು ಇನ್ನೊಂದು ಕಥೆ. ತಮಿಳುನಾಡಿನಲ್ಲಿ ನಾವು ತಂದೆಯ ಹೆಸರಿನ ಒಂದಕ್ಷರ ಮುಂದಿಟ್ಟುಕೊಂಡು ಬಾಳಿದವರು. ಅಲ್ಲಿ ಮನೆತನದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಬರೆಯಬೇಕು. ಪಾಸ್‌ಪೋರ್ಟು ಮಾಡಿಸುವಾಗಲೇ ಆ ಕಲಂ ಖಾಲಿ ಬಿಡದೆ ತುಂಬಿಸುವುದು ಒಳ್ಳೆಯದು. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಬಾಡಿಗೆ ಕರಾರಿನಲ್ಲಿ, ಅರ್ಜಿಯಲ್ಲಿ, ಕೊನೆಗೆ ಬಾಗಿಲ ಬಳಿಯ ಅಂಚೆ ಪೆಟ್ಟಿಗೆಯ ಮೇಲೂ ಇರಬೇಕು. ನಮ್ಮ ಊರಿನಲ್ಲಿ ಹುಣಸೆ ಮಂಡಿಯವರ ಮನೆ ಎಂದರೆ ಸಾಕು, ಅಂಚೆಯಣ್ಣ ಕಾಗದ ತಂದುಕೊಡುತ್ತಾನೆ. ಅಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ತೆರಿಗೆ ಸಂಖ್ಯೆಯ ಕಾಗದವೂ ಹಿಂದಿರುಗಿ ಹೋಗುತ್ತದೆ.

ವಿಳಾಸ ಬರೆಸಿದ ಕೆಲವು ವಾರಗಳಲ್ಲಿ ರೇಡಿಯೋ ಟಿವಿ ಶುಲ್ಕದ ಕಾಗದವೂ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕೊಡಬೇಕು. 2021ರ ಆಗಸ್ಟಿನಲ್ಲಿ ಅದನ್ನು ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಎಂದು ನಿಗದಿ ಮಾಡಿದರು. ಒಂದೇ ಮನೆಯಲ್ಲಿ ನಾಲ್ವರು ಹುಡುಗರಿದ್ದರೆ ಒಬ್ಬರು ಕೊಟ್ಟರೆ ಸಾಕು.

ದೇಶ ಬಿಟ್ಟು ಬರುವಾಗ ಹೆಸರು ತೆಗೆಸುವುದೂ ಕಡ್ಡಾಯ. ಮನೆ ಖಾಲಿ ಮಾಡುವ ಒಂದು ವಾರ ಮೊದಲಿನಿಂದ, ಖಾಲಿ ಮಾಡಿದ ಎರಡು ವಾರದವರೆಗೆ ಇದಕ್ಕೆ ಅವಕಾಶವಿದೆ. ಇನ್ನು ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋಗುವ ನಮ್ಮಂಥ ಹಿರಿಯರು ಮೂರು ತಿಂಗಳೊಳಗೆ ಮರಳುವುದಾದರೆ ವಿಳಾಸ ಬರೆಸಬೇಕಾಗಿಲ್ಲ.