ದುರ್ಗ ಮುಟ್ಟಲು ಮೂವತ್ತೊಂದು ಸಾವಿರ ಉಸಿರು

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಿಂದ ಚಿತ್ರದುರ್ಗಕ್ಕೆ ಹಳಿಯ ಮೇಲೆ ಸುಮಾರು 34 ಕಿಲೋಮೀಟರ್. ಅಷ್ಟು ದೂರ ಓಡಲು ಒಂದು ಉಗಿ ಎಂಜಿನ್ ಎಷ್ಟು ಸಲ ‘ಛುಕ್’ ಎನ್ನಬೇಕು? ಎರಡು ಸಾವಿರ, ಹೆಚ್ಚೆಂದರೆ ಮೂರು ಸಾವಿರ ಇದ್ದೀತು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬರುವ ಉತ್ತರ 31,500!

ಲೆಕ್ಕ ಕಷ್ಟದ್ದೇನಲ್ಲ. ಮೀಟರ್‌ಗೇಜ್ ಕಾಲದಲ್ಲಿ ದೇಶದ ತುಂಬ ಪ್ಯಾಸೆಂಜರ್ ಗಾಡಿಗಳನ್ನು ಎಳೆದದ್ದು ವೈಪಿ ಎಂಬ ಎಂಜಿನ್. ಅದರ ದೊಡ್ಡ ಗಾಲಿಯ ವ್ಯಾಸ 1,372 ಮಿಲಿಮೀಟರ್. ಒಂದು ಸುತ್ತು ಉರುಳಿದರೆ 4.31 ಮೀಟರ್ ಸಾಗುತ್ತದೆ. ದುರ್ಗ ಮುಟ್ಟುವ ಹೊತ್ತಿಗೆ ಸುಮಾರು 7,900 ಸುತ್ತು. ಎಂಜಿನ್ನಿಗೆ ಎಡಕ್ಕೊಂದು, ಬಲಕ್ಕೊಂದು ಸಿಲಿಂಡರ್. ಉಗಿಯು ಪಿಸ್ಟನ್ನನ್ನು ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ತಳ್ಳುವುದರಿಂದ ಗಾಲಿಯ ಒಂದೊಂದು ಸುತ್ತಿಗೂ ನಾಲ್ಕು ಸಲ ಹೊಗೆಗೊಳವೆಯಿಂದ ಉಗಿ ಹೊರಗೆ ನುಗ್ಗುತ್ತದೆ. ಗಂಟೆಗೆ 60 ಕಿ.ಮೀ. ವೇಗ ಹಿಡಿದರೆ ಸೆಕೆಂಡಿಗೆ 15 ಉಸಿರು. ಆಗ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ ಏಳೆಂಟು ಸಲ ತಡೆದು ನಿಂತು ದಿಕ್ಕು ಬದಲಿಸುತ್ತಿರುತ್ತದೆ. ಸರಕು ಗಾಡಿಗಳ ವೈಜಿ ಎಂಜಿನ್ನಿಗೆ ಗಾಲಿ ಇನ್ನೂ ಚಿಕ್ಕದು, 1,219 ಮಿ.ಮೀ. ಅದೇ ದಾರಿಗೆ ಅದು 35,000ಕ್ಕೂ ಹೆಚ್ಚು ಸಲ ಉಸಿರು ಬಿಡಬೇಕು.

ಆ ಒಂದು ಉಸಿರಿನ ಹಿಂದಿನ ಬಲವನ್ನೂ ನೋಡಿ. ವೈಪಿಯ ಸಿಲಿಂಡರಿನ ಒಳವ್ಯಾಸ 387 ಮಿ.ಮೀ., ಮದುವೆಮನೆಯ ದೊಡ್ಡ ಪರಾತದಷ್ಟು. ಬಾಯ್ಲರಿನ ಒತ್ತಡ ಚದರ ಸೆಂಟಿಮೀಟರಿಗೆ 14.8 ಕಿಲೋ. ಗುಣಿಸಿದರೆ, ಪೂರ್ತಿ ಒತ್ತಡದಲ್ಲಿ ಆ ಪರಾತದ ಮೇಲೆ ಬೀಳುವ ನೂಕು 17 ಟನ್! ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಸುಮಾರು 200 ಡಿಗ್ರಿಗೆ ಏರಬೇಕು.

ಮಳೆ ಕಡಿಮೆಯಾದ ನಮ್ಮ ಸೀಮೆಯವರಿಗೆ ಈ ಎಂಜಿನ್ನಿನ ನೀರಿನ ಲೆಕ್ಕ ಬೇಗ ನಾಟುತ್ತದೆ. ನೀರು, ಕಲ್ಲಿದ್ದಲು ಹೊತ್ತು ಎಂಜಿನ್ನಿನ ಬೆನ್ನಿಗೇ ಬರುವ ಬಂಡಿಗೆ ಟೆಂಡರ್ ಎನ್ನುತ್ತಾರೆ. ವೈಪಿಯ ಟೆಂಡರಿನಲ್ಲಿ ಹಿಡಿಯುವುದು 3,000 ಗ್ಯಾಲನ್, ಅಂದರೆ 13,600 ಲೀಟರ್. ಒಂದು ಲೀಟರ್ ನೀರು ತೆರೆದ ಗಾಳಿಯಲ್ಲಿ ಉಗಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಒಂದು ಟೆಂಡರ್ ನೀರು ಎರಡು ಕೋಟಿ ಲೀಟರ್ ಉಗಿಯಾಗುತ್ತಿತ್ತು. ಕಲ್ಲಿದ್ದಲು ಹತ್ತು ಟನ್ನಿನ ಹತ್ತಿರ. ಅದನ್ನು ಬೆಂಕಿಗೆ ಎಸೆಯಲು ಯಂತ್ರವಿಲ್ಲ; ಫೈರ್‌ಮನ್ನಿನ ರಟ್ಟೆಯೇ ಗತಿ. ಸಲಿಕೆಗೆ ಐದು ಕಿಲೋ ಎಂದುಕೊಂಡರೂ ಟೆಂಡರ್ ಬರಿದಾಗಲು 2,000 ಸಲಿಕೆ. ಓಲಾಡುವ ಎಂಜಿನ್ನಿನ ಮೇಲೆ, ಬೆಂಕಿಯ ಬಾಯಿಯ ಮುಂದೆ ನಿಂತು ಎಸೆದ ಆ ಕಲ್ಲಿದ್ದಲಿನ ಶಾಖದಲ್ಲಿ ಗಾಡಿ ಎಳೆಯಲು ಒದಗುತ್ತಿದ್ದದ್ದು ನೂರರಲ್ಲಿ ಆರೋ ಎಂಟೋ ಪಾಲು. ಉಳಿದದ್ದೆಲ್ಲ ಹೊಗೆ, ಉಗಿ, ಬಿಸಿಯಾಗಿ ಗಾಳಿಪಾಲು. ಅಷ್ಟು ನಷ್ಟದಲ್ಲೂ ಊರೂರುಗಳ ಬದುಕನ್ನು ಈ ಎಂಜಿನ್‌ಗಳು ಹೊತ್ತು ಸಾಗಿದವು.

ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ಹಳಿ ತುಮಕೂರು, ಅರಸೀಕೆರೆ, ಬೀರೂರು ದಾಟಿ ಹರಿಹರ ಮುಟ್ಟಿದ್ದು 1889ರಲ್ಲಿ. ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರು ಇದೇ ಹಾದಿಯವು. ಚಿಕ್ಕಜಾಜೂರಿನಿಂದ ದುರ್ಗಕ್ಕೆ ಕವಲು ಬಂದದ್ದು 1921ರಲ್ಲಿ. ಹಳಿಗಳ ನಡುವಿನ ಅಗಲ ಬರೀ ಒಂದು ಮೀಟರ್. ಹಳಿಗಳ ಅಗಲವನ್ನು ಒಂದೇ ಮಾಡಲು 1992ರಲ್ಲಿ ಶುರುವಾದ ಯುನಿಗೇಜ್ ಯೋಜನೆಯ ದಶಕದಲ್ಲಿ ಅದು 1,676 ಮಿ.ಮೀ. ಆಯಿತು. ಹಿರಿಯೂರಿನವರು ಮಾತ್ರ ರೈಲಿಗಾಗಿ ಇನ್ನೂ ಕಾಯುತ್ತಿದ್ದಾರೆ. 2011-12ರಲ್ಲಿ ಮಂಜೂರಾದ ತುಮಕೂರು–ದಾವಣಗೆರೆ ಹೊಸ ಮಾರ್ಗ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹಾದುಹೋಗಬೇಕು.

ಇಂದು ಈ ಸೀಮೆಯಲ್ಲಿ ರೈಲು ನೋಡಲು ಹೊರಟವರಿಗೆ ಕಾಣುವ ಗಾತ್ರವೇ ಬೇರೆ. ಅದಿರು ಸಾಗಿಸುವ 58 ವ್ಯಾಗನ್ನಿನ ಗಾಡಿಯನ್ನು ತೆಗೆದುಕೊಳ್ಳಿ. ತುಂಬಿದ ಒಂದು ಬಾಕ್ಸ್‌ಎನ್ ವ್ಯಾಗನ್ 81 ಟನ್. ಇಡೀ ಗಾಡಿ 4,700 ಟನ್. ಡಬ್ಲ್ಯೂಎಜಿ-9 ಎಂಬ ವಿದ್ಯುತ್ ಎಂಜಿನ್ 46 ಟನ್ನಿಗೂ ಹೆಚ್ಚು ಬಲದಿಂದ ಎಳೆಯಬಲ್ಲದು. ವೈಪಿಯ ಎಳೆಯುವ ಬಲ 8.4 ಟನ್. ಐದು ವೈಪಿ ಸೇರಿದರೂ ಆ ಒಂದಕ್ಕೆ ಸಾಟಿಯಾಗವು. ಆದರೆ ಹೊಸ ಎಂಜಿನ್ನಿನ ಶಕ್ತಿ ಮುಚ್ಚಿದ ಡಬ್ಬಿಯೊಳಗೆ ಅಡಗಿರುತ್ತದೆ. ಹಳೆಯದರಲ್ಲಿ ಎಲ್ಲವೂ ಕಣ್ಣೆದುರಿಗೆ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಉಗಿ ಎಂಜಿನ್‌ಗಳನ್ನು ಕಾಪಾಡಿಕೊಂಡು ಬಂದಿದೆ. ಹೋದಾಗ ಅಂಥ ಎಂಜಿನ್ನಿನ ದೊಡ್ಡ ಗಾಲಿಯೊಂದರ ಮುಂದೆ ಕೂತು ನೋಡಬೇಕು. ಕಡ್ಡಿಗಳ ನಡುವೆ ಅಂಚಿಗೆ ಒತ್ತಿಕೊಂಡು ಅರ್ಧಚಂದ್ರದ ಆಕಾರದ ಉಕ್ಕಿನ ಗಟ್ಟಿ ಇರುತ್ತದೆ. ಎದುರು ಬದಿಯಲ್ಲಿ ಗಾಲಿಯನ್ನು ತಿರುಗಿಸುವ ಸರಳುಗಳು ಹಿಡಿದ ಗೂಟ. ಸರಳುಗಳ ಭಾರ ಒಂದು ಕಡೆಗೆ ವಾಲಿ ಎಂಜಿನ್ ಕುಪ್ಪಳಿಸದಿರಲೆಂದು ಆ ಗಟ್ಟಿಯನ್ನು ಎದುರಿಗೆ ಇಟ್ಟಿರುವುದು. 7,900 ಸುತ್ತು ಸುಸೂತ್ರವಾಗಿ ಉರುಳಿಸಿದ ಗುಟ್ಟು ಆ ಅರ್ಧಚಂದ್ರದಲ್ಲಿದೆ.

ಕೊನೆಯದಾಗಿ ಇನ್ನೊಂದು ಲೆಕ್ಕ. ದೇಶಕ್ಕಾಗಿ ತಯಾರಾದ ವೈಪಿಗಳು 871, ವೈಜಿಗಳು 1,074. ಒಟ್ಟು 1,945. ಟೆಂಡರ್ ಸೇರಿ ಒಂದೊಂದರ ಉದ್ದ ಸುಮಾರು 19 ಮೀಟರ್. ಒಂದಕ್ಕೊಂದು ತಗುಲಿಸಿ ನಿಲ್ಲಿಸಿದರೆ 37 ಕಿಲೋಮೀಟರ್! ಚಿಕ್ಕಜಾಜೂರಿನಿಂದ ದುರ್ಗದವರೆಗಿನ ಹಳಿಯೆಲ್ಲ ತುಂಬಿ, ಇನ್ನೂ ನೂರೈವತ್ತು ಎಂಜಿನ್‌ಗಳಿಗೆ ಜಾಗ ಸಾಲದಾಗುತ್ತದೆ. ಅಷ್ಟು ದೊಡ್ಡ ಹಿಂಡಿನಲ್ಲಿ ಇಂದು ಉಳಿದವು ಕೆಲವು ಮಾತ್ರ. ಮಿಕ್ಕವು ಗುಜರಿಗೆ ಹೋಗಿ ಕರಗಿದವು. ಉಳಿದವುಗಳಲ್ಲಿ ಒಂದಾದರೂ ಚಿಕ್ಕಜಾಜೂರು ಜಂಕ್ಷನ್ನಿಗೆ ಬರಬೇಕು. ಪಕ್ಕದಲ್ಲಿ ಈ ಅಂಕಿಗಳನ್ನು ಬರೆದ ಫಲಕವಿರಲಿ. ನಮ್ಮ ಸೀಮೆಯ ಮಕ್ಕಳು ಅಳತೆ ಟೇಪು ಹಿಡಿದು ಬಂದು ಗಾಲಿಯನ್ನು ತಾವೇ ಅಳೆದು, ದುರ್ಗಕ್ಕೆ ಎಷ್ಟು ಸುತ್ತು ಎಂದು ತಾವೇ ಗುಣಿಸಿ ನೋಡಲಿ.