ಸೋರುವ ಕವಾಟ, ಸಹಿಸುವ ಹೃದಯ

ತೋಟದ ಪಂಪಿನ ಫುಟ್‌ವಾಲ್ವ್ ಸೋರತೊಡಗಿದರೆ ಎತ್ತಿದ ನೀರು ಮರಳಿ ಕೆರೆಗಿಳಿಯುವುದನ್ನು ನಾವೆಲ್ಲ ಬಲ್ಲೆವು. ಹೃದಯಕ್ಕೂ ಇಂಥ ಅವಸ್ಥೆ ಬರುವುದುಂಟು. ಎಕೋ ಪರೀಕ್ಷೆಯ ವರದಿಯಲ್ಲಿ ‘ಸಿವಿಯರ್ ಎ.ಆರ್.’ ಎಂದು ಬರೆದಿದ್ದರೆ ಅದರ ಅರ್ಥ ಇದೇ.

ಹೃದಯದ ಎಡಗಡೆಯ ಕೆಳಕೋಣೆಯಿಂದ ಮಹಾಧಮನಿಗೆ ರಕ್ತ ಹೊರಡುವ ಬಾಗಿಲಲ್ಲಿ ಸಾಮಾನ್ಯವಾಗಿ ಮೂರು ಎಸಳುಗಳ ಕವಾಟವಿದೆ. ರಕ್ತ ಹೊರಬಿದ್ದೊಡನೆ ಅದು ಬಿಗಿಯಾಗಿ ಮುಚ್ಚಬೇಕು. ಬಾಲ್ಯದ ರುಮ್ಯಾಟಿಕ್ ಜ್ವರ, ಹುಟ್ಟಿನಿಂದಲೇ ಎರಡೇ ಎಸಳಿರುವುದು, ಕವಾಟದ ಸೋಂಕು, ಮಹಾಧಮನಿಯ ಬುಡ ಹಿಗ್ಗುವುದು ಮೊದಲಾದವು ಅದನ್ನು ಕೆಡಿಸುತ್ತವೆ. ಹೊರದೂಡಿದ ರಕ್ತದ ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲು ಹಿಂದೆ ಬಂದರೆ ಸೋರಿಕೆ ತೀವ್ರವೆಂದು ಲೆಕ್ಕ.

ಸೋರಿಕೆ ನಿಧಾನವಾಗಿ ಬೆಳೆದರೆ ಹೃದಯವು ಕೋಣೆಯನ್ನು ಹಿಗ್ಗಿಸಿಕೊಂಡು, ಪ್ರತಿ ಬಡಿತದಲ್ಲೂ ಹೆಚ್ಚು ರಕ್ತ ದೂಡಿ ನಷ್ಟವನ್ನು ತುಂಬುತ್ತದೆ. ಆದುದರಿಂದಲೇ ನಾಡಿ ರಭಸದಿಂದೆದ್ದು ತಟ್ಟನೆ ಕುಸಿಯುತ್ತದೆ. ಡಬ್ಲಿನ್ನಿನ ವೈದ್ಯ ಕೊರಿಗನ್ 1832ರಲ್ಲೇ ಈ ರೋಗವನ್ನು ವಿವರಿಸಿದ್ದರು.

ನೆರೆಯ ಮೈಟ್ರಲ್ ಕವಾಟವೂ ಇದರ ಪೆಟ್ಟನ್ನು ತಿನ್ನುತ್ತದೆ. ಹಿಂದಕ್ಕೆ ಚಿಮ್ಮುವ ರಕ್ತ ಬಡಿದು ಅದರ ಎಸಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುವುದು ಎಕೋದಲ್ಲಿ ಕಾಣುತ್ತದೆ. ಮೈಟ್ರಲ್ ಕವಾಟ ಆರೋಗ್ಯವಾಗಿದ್ದರೂ ಅಲ್ಲಿಂದ ಮರ್ಮರ ಕೇಳುವುದೆಂದು ಅಮೆರಿಕದ ಆಸ್ಟಿನ್ ಫ್ಲಿಂಟ್ 1862ರಲ್ಲಿ ತಿಳಿಸಿದರು. ಸೋಂಕಿನಿಂದ ಕವಾಟ ಹಠಾತ್ತಾಗಿ ಹರಿದರೆ ಹೃದಯಕ್ಕೆ ಹಿಗ್ಗಲು ಸಮಯವಿರುವುದಿಲ್ಲ. ಒತ್ತಡವೇರಿ ಮೈಟ್ರಲ್ ಕವಾಟ ಹೊತ್ತಿಗೆ ಮೊದಲೇ ಮುಚ್ಚಬಹುದು. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದು ಕೂಡಲೇ ಆಸ್ಪತ್ರೆಗೊಯ್ಯಬೇಕಾದ ಸ್ಥಿತಿ.

ನಿಧಾನದ ಸೋರಿಕೆಯ ಅಪಾಯ ಬೇರೆ ತೆರನದು. ವರ್ಷಗಟ್ಟಲೆ ಏನೂ ತೊಂದರೆ ಕಾಣದು. ಏದುಸಿರು ಬರುವ ಹೊತ್ತಿಗೆ ಹೃದಯದ ಸ್ನಾಯು ಸೋತಿರಬಹುದು. ಆದುದರಿಂದ ಗುಡ್ಡ ಹತ್ತಬಲ್ಲೆವೆಂಬ ಧೈರ್ಯದಿಂದ ಎಕೋ ತಪ್ಪಿಸುವುದು ಸಲ್ಲದು. ಹೃದಯ ಕುಗ್ಗಿದಾಗಲೂ ಕೋಣೆಯ ಅಗಲ 50 ಮಿಲಿಮೀಟರು ಮೀರಿದರೆ, ಇಲ್ಲವೆ ದೂಡುವ ಶಕ್ತಿ ಶೇಕಡಾ 55ಕ್ಕಿಂತ ಇಳಿದರೆ, ದೂರಿಲ್ಲದಿದ್ದರೂ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ.

ಅದಕ್ಕೆ ದಾರಿ ನಮ್ಮ ರಾಜ್ಯದಲ್ಲೇ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಕೃತಕ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ಇಂಥ ಯಾಂತ್ರಿಕ ಕವಾಟ ಪಡೆದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಆಜೀವ ನುಂಗಬೇಕು.

ಮಕ್ಕಳಿಗೆ ಗಂಟಲು ನೋವಿನ ಬಳಿಕ ಜ್ವರ ಬಂದು ಕೀಲುಗಳು ಬಾತರೆ ವೈದ್ಯರಿಗೆ ತೋರಿಸಲು ನಾವು ತಡಮಾಡದಿರೋಣ. ಹೃದಯ ಮೌನವಾಗಿ ಸಹಿಸುತ್ತದೆ. ಅದರ ಮೌನವನ್ನು ಆರೋಗ್ಯವೆಂದು ನಾವು ಬಗೆಯಬಾರದು.