ಸೂಜಿಯ ಗೆಳತಿಯರು, ಬಳ್ಳಿಯ ಬಂಧುಗಳು

ಗುರುವಾರ ಮಧ್ಯಾಹ್ನ ಮೂರು ಗಂಟೆಯಾದರೆ ನಮ್ಮ ಮನೆಯ ಹಾಲ್‌ನಲ್ಲಿ ಯಾರೂ ಓಡಾಡುವಂತಿಲ್ಲ. ನೆಲದ ಮೇಲೆ ಹಳೆಯ ಸೀರೆಯೊಂದು ಹಾಸಿರುತ್ತದೆ. ಅದರ ಮೇಲೆಲ್ಲ ಬಣ್ಣಬಣ್ಣದ ಬಟ್ಟೆಯ ತುಂಡುಗಳು. ನಡುವೆ ನಮ್ಮತ್ತೆ ಕಾಲು ಚಾಚಿ ಕುಳಿತು ಸೂಜಿ ಆಡಿಸುತ್ತಿರುತ್ತಾರೆ. ಎದುರಿಗೆ ಸ್ಟೀಲ್ ಡಬ್ಬಿಗೆ ಒರಗಿಸಿಟ್ಟ ಮೊಬೈಲು. ಅದರೊಳಗೆ ನಾಲ್ಕು ಮುಖಗಳು. ಒಬ್ಬರು ವಿಜಯಪುರದವರು, ಒಬ್ಬರು ಶಿರಸಿಯವರು, ಒಬ್ಬರು ಪುಣೆಯಲ್ಲಿರುವವರು, ಮತ್ತೊಬ್ಬರು ದುಬೈನಲ್ಲಿ ಮಗನ ಮನೆಯಲ್ಲಿರುವವರು.

"ನಿಮ್ಮ ಹೊಲಿಗಿ ದೂರದೂರ ಬಿದ್ದಾವ ನೋಡ್ರಿ. ಒಗೆದ ಮ್ಯಾಲೆ ಒಳಗಿನ ಅರಿವಿ ಸರೀತದ" ಎಂದು ಅತ್ತೆ ಮೊಬೈಲಿನ ಕಡೆ ಬೆರಳು ತೋರಿಸುತ್ತಾರೆ.

"ಕಣ್ಣ ಕಾಣೂದಿಲ್ರೀ ಅಕ್ಕಾರ, ಏನ ಮಾಡ್ಲಿ?" ಎಂದು ಆ ಕಡೆಯಿಂದ ಉತ್ತರ.

ಈ ಐವರೂ ಒಬ್ಬರನ್ನೊಬ್ಬರು ಎದುರಾಎದುರು ಕಂಡವರಲ್ಲ. ಇವರನ್ನು ಜೊತೆ ಮಾಡಿದ್ದು ಒಂದು ಹಳೆಯ ಕೌದಿ.

ಟ್ರಂಕಿನೊಳಗಿನ ಅರ್ಧ ಕೌದಿ

ನಮ್ಮತ್ತೆ ಧಾರವಾಡದ ಕಡೆಯವರು. ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಬೆಂಗಳೂರಿಗೆ, ನಮ್ಮ ಮನೆಗೆ ಬಂದರು. ಜೊತೆಗೆ ತಂದದ್ದು ಒಂದು ಕಬ್ಬಿಣದ ಟ್ರಂಕು. ಅದರ ಬೀಗ ತೆಗೆದದ್ದನ್ನು ನಾವು ಕಂಡಿರಲಿಲ್ಲ.

ಆರನೇ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಶಾಲೆಯಲ್ಲಿ ಮನೆಯ ಹಳೆಯ ವಸ್ತುವೊಂದರ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದರು. ಅವಳ ಕಾಟಕ್ಕೆ ಅಂತೂ ಟ್ರಂಕು ತೆರೆಯಿತು. ಮೇಲೆಯೇ ಇತ್ತು ಅರ್ಧ ಹೊಲಿದ ಕೌದಿ. ಕೆಳಗೆ ಮಾವನ ಬಿಳಿ ಧೋತರಗಳು, ಮಡಿಕೆ ಮುರಿಯದೆ.

ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ಕೌದಿ ಎಂದರೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಒತ್ತಾಗಿ ಸಾಲು ಹೊಲಿಗೆ ಹಾಕಿ ಮಾಡುವ ಹೊದಿಕೆ. ಹೊಸ ಬಟ್ಟೆಗಿಂತ ಹಳೆಯದೇ ಒಳ್ಳೆಯದು, ಏಕೆಂದರೆ ನೂರಾರು ಸಲ ಒಗೆದ ಹತ್ತಿಬಟ್ಟೆ ಮೆತ್ತಗಾಗಿರುತ್ತದೆ. ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಚಳಿಗೆ ಬೆಚ್ಚಗಿರುತ್ತದೆ. ಹೊಲಿಗೆ ಒತ್ತಾಗಿದ್ದಷ್ಟೂ ಬಾಳಿಕೆ ಹೆಚ್ಚು.

"ಮುಗಿಸಲಿಲ್ಲ ಯಾಕಜ್ಜಿ?" ಎಂದಳು ಮಗಳು.

"ನಮ್ಮೂರಾಗ ಕಟ್ಟಿ ಮ್ಯಾಲೆ ನಾಲ್ಕು ಮಂದಿ ನಾಲ್ಕು ಮೂಲಿಗೆ ಕುಂತು ಹೊಲೀತಿದ್ವಿ. ಮಾತಾಡ್ಕೋತ, ನಕ್ಕೋತ. ಒಬ್ಬಾಕಿ ಕುಂತು ಹೊಲಿದರ ಅದು ಕೌದಿ ಅಲ್ಲವಾ, ಬರೇ ಹೊಲಿಗಿ."

ಮಗಳು ತೆಗೆದ ಫೋಟೊವನ್ನು ನಾನು ಸದಸ್ಯೆಯಾಗಿದ್ದ ಕರಕುಶಲದ ಗುಂಪೊಂದಕ್ಕೆ ಕಳಿಸಿದೆ. ಸಂಜೆಯೊಳಗೆ ಹತ್ತಾರು ಉತ್ತರಗಳು. ಒಂದರಲ್ಲಿ ಹೀಗಿತ್ತು: "ನಮ್ಮವ್ವನೂ ಅಂಚು ಹಿಂಗ ಮಡಚತಿದ್ಲು. ಇದು ಯಾರ ಕೈಗೆಲಸ?" ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಮೂರು ಸಲ ಓದಿದರು. ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ, "ನಿನ್ನೆ ಬರೆದಾಕಿ ಯಾರಂತ ಕೇಳಲ್ಲ" ಎಂದರು. ಬರೆದವರು ವಿಜಯಪುರದ ಅಜ್ಜಿ. ಗುರುವಾರದ ಸಭೆ ಶುರುವಾದದ್ದು ಹಾಗೆ.

ಊರಿಗೊಂದು ಹೊಲಿಗೆ

ಸೂಜಿ ಆಡುತ್ತಿದ್ದರೆ ಬಾಯಿಯೂ ಆಡುತ್ತದೆ. ಆ ಮಾತಿನಲ್ಲಿ ನಮಗೂ ಎಷ್ಟೋ ವಿಷಯ ತಿಳಿಯಿತು.

ಶಿರಸಿಯ ಗೆಳತಿ ಸಿದ್ದಿ ಮಹಿಳೆಯರ ಕೌದಿಯ ಬಗ್ಗೆ ಹೇಳಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿರುವ ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರು ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಕೂಡಿಸುತ್ತಾರೆ. ಅದಕ್ಕೆ 'ಫುಲ' ಎಂದು ಹೆಸರು, ಅಂದರೆ ಹೂವು. ಹೂವಿಲ್ಲದ ಕೌದಿ ಬರಿಮೈಯಲ್ಲಿದ್ದಂತೆ ಎಂಬುದು ಅವರ ಭಾವನೆ.

ಪುಣೆಯವರು ಮಹಾರಾಷ್ಟ್ರದ 'ಗೋಧಡಿ' ತೋರಿಸಿದರು. ಬಂಗಾಳದಲ್ಲಿ ಇದೇ ಸಾಲು ಹೊಲಿಗೆಯಲ್ಲಿ ಮೀನು, ಹೂವು, ಆನೆಗಳನ್ನು ಬಿಡಿಸಿ 'ಕಾಂಥಾ' ಮಾಡುತ್ತಾರೆ. ಬಿಹಾರದಲ್ಲಿ ಅದು 'ಸುಜನಿ'. ಹಳೆ ಬಟ್ಟೆ ಎಸೆಯಲು ಮನಸ್ಸು ಬಾರದ ಅಜ್ಜಿಯರು ಎಲ್ಲ ಕಡೆಯೂ ಇದ್ದರು!

ದೂರದ ಗೆಳತಿಯರನ್ನು ಬಟ್ಟೆಯಲ್ಲಿ ಹಿಡಿದಿಡುವುದೂ ಹೊಸದಲ್ಲ. ಅಮೆರಿಕದಲ್ಲಿ 1840ರ ದಶಕದಲ್ಲಿ 'ಸ್ನೇಹದ ಹೊದಿಕೆ'ಗಳು ಬಹಳ ಜನಪ್ರಿಯವಾಗಿದ್ದವು. ಊರು ಬಿಟ್ಟು ಹೋಗುವವಳಿಗೆ ಗೆಳತಿಯರು, ನೆಂಟರು ಒಂದೊಂದು ಚೌಕ ಹೊಲಿದು, ಅದರ ಮೇಲೆ ಹೆಸರು ಬರೆದು ಕೊಡುತ್ತಿದ್ದರು. ಎಲ್ಲ ಸೇರಿಸಿದರೆ ಒಂದು ಹೊದಿಕೆ. ಮತ್ತೆ ಭೇಟಿಯಾಗುವ ಭರವಸೆ ಇಲ್ಲದ ಕಾಲದಲ್ಲಿ ಆ ಹೆಸರುಗಳೇ ಜೊತೆಗಿರುತ್ತಿದ್ದವು.

ಹೀರೆ ಹೂವಿನ ಪಾಠ

ಅಜ್ಜಿಯ ಸಭೆ ನೋಡಿ ಮಗಳಿಗೂ ಹುರುಪು ಬಂತು. ತಾರಸಿಯಲ್ಲಿ ಐದು ಗ್ರೋ ಬ್ಯಾಗು ಇಟ್ಟು ಅವರೆ, ಹಾಗಲ, ಹೀರೆ ಹಾಕಿದಳು. ಬೆಂಗಳೂರಿನಲ್ಲಿ ತಾರಸಿ ತೋಟದ ಗೀಳು ಹಳೆಯದು. ಫೇಸ್‌ಬುಕ್ಕಿನಲ್ಲಿ ಪರಿಚಯವಾದ ತೋಟಗಾರರು ಒಂದೆಡೆ ಸೇರಿ ಬೀಜ, ಸಸಿ ಹಂಚಿಕೊಳ್ಳುವ 'ಊಟ ಫ್ರಂ ಯುವರ್ ತೋಟ' ಎಂಬ ಮೇಳ ಇಲ್ಲಿ 2011ರಲ್ಲೇ ಶುರುವಾಯಿತು. ನಾವೂ ನನ್ನ ಫೋನಿನಿಂದ ಅಂಥದ್ದೊಂದು ತೋಟಗಾರರ ಗುಂಪು ಸೇರಿದೆವು.

ಹೀರೆ ಬಳ್ಳಿ ಹಬ್ಬಿತು, ಮೊಗ್ಗು ಬಂತು, ಕಾಯಿ ಮಾತ್ರ ಕಚ್ಚಲಿಲ್ಲ. ಪುಟ್ಟ ಮಿಡಿಗಳು ಹಳದಿಯಾಗಿ ಉದುರಿದವು. ಮಗಳು ಎಲ್ಲೋ ಓದಿಕೊಂಡು, ಹೂವಿಗೆ ತಾನೇ ಪರಾಗ ಮುಟ್ಟಿಸುತ್ತೇನೆಂದು ಶಾಲೆಗೆ ಹೊರಡುವ ಮುಂಚೆ ಕುಂಚ ಹಿಡಿದು ಹೋದರೆ ಹೂವುಗಳೆಲ್ಲ ಬಾಡಿ ಮುದುಡಿರುತ್ತಿದ್ದವು. ಮೂರು ದಿನ ಹೀಗಾಗಿ ಅಳುಮೋರೆ ಮಾಡಿಕೊಂಡು ಇಳಿದು ಬಂದಳು. ಗುಂಪಿನಲ್ಲಿ ಎಲ್ಲರೂ ಬುಟ್ಟಿ ತುಂಬ ಟೊಮೆಟೊ ತೋರಿಸುವಾಗ ಉದುರಿದ ಮಿಡಿಯ ಫೋಟೊ ಹಾಕಲು ಅವಳಿಗೆ ನಾಚಿಕೆ. ಅಜ್ಜಿಯೇ ಹಾಕಿಸಿದರು.

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಬರೆದರು: "ಪುಟ್ಟಿ, ಹಾಗಲ, ಕುಂಬಳದ ಹೂವು ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆಯ ಹೂವು ಸಂಜೆ ಅರಳುತ್ತವೆ. ನೀನು ಬಾಗಿಲು ಮುಚ್ಚಿದ ಮೇಲೆ ಅಂಗಡಿಗೆ ಹೋಗುತ್ತಿದ್ದೀಯ!"

ಅವತ್ತೇ ಸಂಜೆ ಅಜ್ಜಿ, ಮೊಮ್ಮಗಳು ತಾರಸಿಗೆ ಹೋದರು. ಬಳ್ಳಿಯ ತುಂಬ ಹಳದಿ ಹೂವು. ಹಿಂಬದಿಯಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು ಹೂವು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂವು ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದರು. ಹತ್ತು ದಿನಕ್ಕೆ ಮೊದಲ ಹೀರೆಕಾಯಿ. ಅಜ್ಜಿ ಸಿಪ್ಪೆಯನ್ನೂ ಬಿಡದೆ ಚಟ್ನಿ ಅರೆದರು.

ಬೀಜದ ಪಾಠವನ್ನೂ ಮೇಷ್ಟ್ರೇ ಹೇಳಿಕೊಟ್ಟರು. ಅಂಗಡಿಯ ಹೈಬ್ರಿಡ್ ಬೀಜದ ಗಿಡದಿಂದ ಬೀಜ ತೆಗೆದು ಬಿತ್ತಿದರೆ ಮುಂದಿನ ಗಿಡ ತಾಯಿಯಂತೆಯೇ ಇರುವುದಿಲ್ಲ. ನಾಟಿ ತಳಿಯ ಹುರುಳಿಕಾಯಿ, ಟೊಮೆಟೊ ಹೆಚ್ಚಾಗಿ ತಮ್ಮ ಪರಾಗವನ್ನೇ ಬಳಸುವುದರಿಂದ ಗುಣ ಉಳಿಸಿಕೊಳ್ಳುತ್ತವೆ. ಸೋರೆ, ಕುಂಬಳಗಳಿಗೆ ಜೇನುನೊಣವೋ ಪತಂಗವೋ ಪಕ್ಕದ ತೋಟದ ಪರಾಗ ತಂದು ಬೆರೆಸಬಹುದು. ಹಾಗಾಗಿ ಹೊಸಬರು ಹುರುಳಿಕಾಯಿಯಿಂದ ಶುರು ಮಾಡುವುದು ಒಳ್ಳೆಯದು.

ಸದ್ದಿಲ್ಲದಾದ ಫೋನು

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಗುರುವಾರ ವಿಜಯಪುರದ ಅಜ್ಜಿ ಬರಲಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡರು. ಮುಂದಿನ ಗುರುವಾರವೂ ಇಲ್ಲ. ಕಳಿಸಿದ ಸಂದೇಶಕ್ಕೆ ಒಂದೇ ಗೀಟು. ಕರೆ ಮಾಡಿದರೆ ಸ್ವಿಚ್ ಆಫ್.

ಆಗ ಎಲ್ಲರಿಗೂ ಹೊಳೆದ ಸಂಗತಿ ಇದು: ಅವರು ಹೊಲಿಯುತ್ತಿದ್ದ ಕೌದಿಯ ಅಂಚು ಹಸಿರು ಎಂಬುದು ಗೊತ್ತು. ಚಹಾಕ್ಕೆ ಶುಂಠಿ ಹಾಕುತ್ತಾರೆಂಬುದು ಗೊತ್ತು. ಮಗ ಯಾರು, ಮನೆ ಯಾವ ಓಣಿಯಲ್ಲಿದೆ ಎಂಬುದು ಒಬ್ಬರಿಗೂ ಗೊತ್ತಿಲ್ಲ. "ಎರಡು ವರ್ಷದಿಂದ ಮಾತಾಡೇವಿ. ಆಕಿ ಮನಿ ಬಾಗಿಲು ಬಡಿಯೂಣಂದ್ರ ಬಾಗಿಲು ಎಲ್ಲಿ ಅದ ಅಂತ ತಿಳೀವಲ್ದು" ಎಂದು ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಬಿಟ್ಟರು. ಆ ವಾರ ಮತ್ತೆ ಸೂಜಿ ಮುಟ್ಟಲಿಲ್ಲ.

ಹದಿನೆಂಟನೇ ದಿನ ಸಂದೇಶ ಬಂತು. ಬರೆದವನು ಎಂಟನೇ ತರಗತಿಯ ಮೊಮ್ಮಗ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಗಿತ್ತು. ಜೊತೆಗೆ ಬಿದ್ದ ಫೋನೂ ಕೆಟ್ಟಿತ್ತು. ಹೊಸ ಫೋನಿಗೆ ಸಿಮ್ ಹಾಕಿದಾಗ ಇಷ್ಟೊಂದು ಅಜ್ಜಿಯರ ಸಂದೇಶ ನೋಡಿ ಅವನೇ ಗಾಬರಿಯಾಗಿದ್ದ. ಹಿಂದೆಯೇ ಅಜ್ಜಿಯ ದನಿ: "ಅರಾಮ ಅದೇನ್ರೀ. ಆದರ ನೆಲಕ್ಕ ಕುಂಡ್ರಬ್ಯಾಡ ಅಂದಾರ ಡಾಕ್ಟರು. ನನ್ನ ಕೌದಿ ನಡಬರಕ ನಿಂತದ. ಇನ್ನ ಮುಗಿಯೂದಿಲ್ಲ."

ನೆಲದ ಮೇಲೆ ಹಾಸಿ, ಬಾಗಿ ಹೊಲಿಯುವುದು ಕೌದಿ. ಅದು ಆಗುವುದಿಲ್ಲ ಎಂದರೆ ಕೌದಿಯೇ ಮುಗಿದಂತೆ. ಅತ್ತೆ ಒಂದು ದಿನವೆಲ್ಲ ಯೋಚಿಸಿದರು. ಮರುದಿನ ಗುಂಪಿನಲ್ಲಿ ಹೇಳಿದರು: "ದೊಡ್ಡ ಕೌದಿ ಬ್ಯಾಡ. ಗೇಣುದ್ದದ ಚೌಕ ಹೊಲಿಯೂಣು. ಪದರ ಕೂಡಿಸಿ, ಹೊಲಿಗಿ ಹಾಕಿ, ಅಂಚು ಮಡಚಿ ನಾವೆಲ್ಲ ಕಳಸತೀವಿ. ನೀವು ಕುರ್ಚಿ ಮ್ಯಾಲೆ ಕುಂತು, ತೊಡಿ ಮ್ಯಾಲೆ ಇಟ್ಕೊಂಡು ಒಂದಕ್ಕೊಂದು ಜೋಡಸ್ರಿ, ಸಾಕು."

ಅಂದು ಸಂಜೆ ಅವರು ಟ್ರಂಕು ತೆರೆದು ಮಾವನ ಧೋತರವೊಂದನ್ನು ಹೊರತೆಗೆದರು. ಕತ್ತರಿ ಕೇಳಿದರು. ನಾನು ತಡೆಯಲು ಹೋದೆ. "ಮಡಚಿ ಇಟ್ಟರ ನುಸಿ ತಿಂತಾವ. ಹೊದ್ದರ ಯಾರಿಗಾದರೂ ಬೆಚ್ಚಗ ಇರತದ" ಎಂದರು. ಕತ್ತರಿಸುವಾಗ ಕೈ ನಡುಗಿತು, ಕತ್ತರಿ ಮಾತ್ರ ನಿಲ್ಲಲಿಲ್ಲ.

ಅಂಚೆಯಲ್ಲಿ ಬಂದ ಬೆಚ್ಚಗೆ

ಎರಡು ತಿಂಗಳಲ್ಲಿ ನಾಲ್ಕೂ ಕಡೆಯಿಂದ ಚೌಕಗಳು ವಿಜಯಪುರ ಸೇರಿದವು. ದುಬೈನ ಚೌಕಗಳು ರಜೆಗೆ ಬಂದವರೊಬ್ಬರ ಚೀಲದಲ್ಲಿ ಬಂದವು. ಮಗಳು ತನ್ನ ಹುರುಳಿಕಾಯಿಯ ಬೀಜವನ್ನು ಕಾಗದದಲ್ಲಿ ಮಡಚಿ, ಹೆಸರು, ಬಿತ್ತುವ ತಿಂಗಳು ಬರೆದು ಪೊಟ್ಟಣದಲ್ಲಿಟ್ಟಳು. ಆ ಮನೆಯ ಹುಡುಗ ಅದನ್ನು ಬಕೆಟ್ಟಿನಲ್ಲಿ ಬಿತ್ತಿದ್ದಾನೆ.

ದುಬೈನ ಗೆಳತಿಗೂ ಬೀಜ ಕಳಿಸುವ ಆಸೆಯಿತ್ತು. ಬೇಡ ಎಂದೆವು. ಹೊರದೇಶದ ಬೀಜದೊಂದಿಗೆ ಅಲ್ಲಿಯ ರೋಗ, ಕೀಟಗಳೂ ಬರಬಹುದು. ಅದಕ್ಕೇ ನಮ್ಮ ದೇಶದಲ್ಲಿ 2003ರ ಸಸ್ಯ ಸಂಪರ್ಕತಡೆ ಆದೇಶವಿದೆ. ಅನುಮತಿಯಿಲ್ಲದೆ ಬೀಜ ತರಿಸುವಂತಿಲ್ಲ. 2020ರಲ್ಲಿ ಅಮೆರಿಕ ಮತ್ತಿತರ ದೇಶಗಳ ಮನೆಗಳಿಗೆ ಯಾರೂ ತರಿಸದ ಬೀಜದ ಪೊಟ್ಟಣಗಳು ಬಂದು, ಬಿತ್ತಬೇಡಿ ಎಂದು ಅಲ್ಲಿಯ ಅಧಿಕಾರಿಗಳು ಎಚ್ಚರಿಸಬೇಕಾಯಿತು.

ದೀಪಾವಳಿಯ ಹೊತ್ತಿಗೆ ವಿಜಯಪುರದಿಂದ ಫೋಟೊ ಬಂತು. ಕುರ್ಚಿಯಲ್ಲಿ ಕುಳಿತ ಅಜ್ಜಿಯ ಮಡಿಲಿನಿಂದ ಕಾಲಿನವರೆಗೆ ಹಸಿರಂಚಿನ ಕೌದಿ. ನಡುವೆ ಬಿಳಿ ಧೋತರದ ಒಂದು ಚೌಕ. ನಾಲ್ಕು ಮೂಲೆಗೂ ಶಿರಸಿಯಿಂದ ಬಂದ ಬಟ್ಟೆಯ ಹೂವು.

ನೀವೂ ಶುರು ಮಾಡಿ

ಮಕ್ಕಳೇ,
• ಗುಂಪು ಸೇರುವುದು ಅಮ್ಮ, ಅಪ್ಪ ಅಥವಾ ಅಜ್ಜ, ಅಜ್ಜಿಯ ಫೋನಿನಿಂದಲೇ ಇರಲಿ, ಅವರ ಜೊತೆ ಕುಳಿತೇ ಇರಲಿ.
• ಗಿಡದ, ಕೈಗೆಲಸದ ಫೋಟೊ ಹಾಕಿ. ನಿಮ್ಮ ಮುಖ, ಶಾಲೆಯ ಸಮವಸ್ತ್ರ, ಮನೆಯ ಗೇಟು ಅದರಲ್ಲಿ ಬೇಡ.
• ಯಾರಾದರೂ ನಿಮ್ಮೊಬ್ಬರಿಗೇ ಸಂದೇಶ ಕಳಿಸಿ 'ಮನೆಯಲ್ಲಿ ಹೇಳಬೇಡ' ಎಂದರೆ, ಮೊದಲು ಮನೆಯಲ್ಲೇ ಹೇಳಿ.
• ಸೋತ ಗಿಡದ ಫೋಟೊ ಹಾಕಲು ನಾಚಬೇಡಿ. ಪಾಠ ಸಿಗುವುದು ಅದರಿಂದಲೇ.

ಅಜ್ಜ, ಅಜ್ಜಿಯರೇ,
• ಹಣ, ಓಟಿಪಿ, ಬ್ಯಾಂಕಿನ ವಿವರ ಕೇಳುವವರು ಗೆಳೆಯರಲ್ಲ.
• ಅಂಚೆ ವಿಳಾಸವನ್ನು ಇಡೀ ಗುಂಪಿಗೆ ಹಾಕಬೇಡಿ. ಚೆನ್ನಾಗಿ ಪರಿಚಯವಾದವರಿಗೆ, ಮನೆಯವರಿಗೆ ತಿಳಿಸಿ ಕೊಡಿ.
• ಅಂಥ ಆಪ್ತರ ಮನೆಯ ಇನ್ನೊಬ್ಬರ ಫೋನ್ ನಂಬರನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ನಿಮ್ಮದನ್ನೂ ಕೊಟ್ಟಿರಿ. ನಮ್ಮತ್ತೆಯ ಪುಸ್ತಕ ಈಗ ಕ್ಯಾಲೆಂಡರಿನ ಮೊಳೆಗೆ ತೂಗುತ್ತಿದೆ.

ಟ್ರಂಕಿನ ಅರ್ಧ ಕೌದಿಯೂ ಈಗ ಮುಕ್ಕಾಲಾಗಿದೆ. ಅತ್ತೆಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಹಾಗಾಗಿ ಪ್ರತಿ ಗುರುವಾರ ಶಾಲೆಗೆ ಹೊರಡುವ ಮುಂಚೆ ಮಗಳು ಹತ್ತು ಸೂಜಿಗಳಿಗೆ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಾಳೆ. ವಿಜಯಪುರದ ಹುಡುಗನೂ ಅವನಜ್ಜಿಗೆ ಹಾಗೇ ಮಾಡಿಟ್ಟು ಹೋಗುತ್ತಾನಂತೆ.